ಹಡಗು ಹತ್ತದ ಹೂಗಳ ವರ್ಗಶಾಸ್ತ್ರ

ಅಥಾತೋ ಪುಷ್ಪಜಿಜ್ಞಾಸಾ. ಇನ್ನು ಮುಂದೆ ಹೂವಿನ ವಿಚಾರ.

ಶಾಸ್ತ್ರವೆಂದ ಮೇಲೆ ಬರೆಯುವವನಿಗೆ ಅಧಿಕಾರವೇನು ಎಂದು ಮೊದಲು ಕೇಳುತ್ತಾರೆ. ಈ ಗ್ರಂಥಕರ್ತನಿಗೆ ಸಸ್ಯಶಾಸ್ತ್ರದ ಪದವಿ ಇಲ್ಲ, ಭೂತಗನ್ನಡಿಯೂ ಇಲ್ಲ. ಊರು ಹೂವಿನಹಡಗಲಿ, ಅದೊಂದೇ ಯೋಗ್ಯತೆ. ಪರಸ್ಥಳದಲ್ಲಿ ಈ ಹೆಸರು ಹೇಳಿದರೆ ಎದುರಿನವರು ತಪ್ಪದೆ “ಓಹೋ, ಮಲ್ಲಿಗೆ ಊರು” ಅನ್ನುತ್ತಾರೆ. ಹೌದು, ಮಲ್ಲಿಗೆ ಊರೇ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಜೊತೆ ಹಡಗಲಿ ಮಲ್ಲಿಗೆಗೂ ಜಿಐ ಟ್ಯಾಗ್ ಸಿಕ್ಕಿದೆ. ಹೊಳೆದಂಡೆಯ ಕುರುವತ್ತಿಯಲ್ಲಿ ಚಾಲುಕ್ಯರ ಕಾಲದ ಗುಡಿಯಲ್ಲಿ ಕೂತ ದೇವರ ಹೆಸರು ಕೂಡ ಮಲ್ಲಿಕಾರ್ಜುನ. ಇಷ್ಟಾದ ಮೇಲೆ ಮಲ್ಲಿಗೆಯನ್ನು ಹೊಗಳಲು ಇನ್ನೊಂದು ಗ್ರಂಥ ಬೇಡ. ಅಲ್ಲದೆ ಮಡಿ ಕಟ್ಟಿ, ನೀರು ಹಾಯಿಸಿ, ಬೇಲಿ ಬಿಗಿದು, ನಸುಕಿನಲ್ಲೆದ್ದು ಮೊಗ್ಗು ಬಿಡಿಸಿ ಪೇಟೆಗೆ ಕಳಿಸುವುದನ್ನು ನಮ್ಮ ಶಾಸ್ತ್ರದಲ್ಲಿ ಹೂ ಎನ್ನುವುದಿಲ್ಲ, ಬೆಳೆ ಎನ್ನುತ್ತೇವೆ. ಇಲ್ಲಿ ಹೂ ಎಂದರೆ ಯಾರೂ ಬಿತ್ತದೆ, ಯಾರೂ ಕೇಳದೆ, ಮಾಘ-ಫಾಲ್ಗುಣದ ಬಿಸಿಲಿಗೆ ತಾನಾಗಿ ಅರಳಿದ್ದು.

ಊರ ಹೆಸರಿಗೊಂದು ಕಥೆಯಿದೆ. ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗಿನಲ್ಲಿ ವಿಜಯನಗರಕ್ಕೆ ಹೂ ಹೋಗುತ್ತಿತ್ತಂತೆ. ಕಥೆ ಚೆಂದ. ಆದರೆ ಚಾಲುಕ್ಯರ ಕಾಲದ ಶಾಸನಗಳಲ್ಲೇ ಊರು ‘ಪೂವಿನ ಪಡಂಗಿಲೆ’ ಆಗಿತ್ತು. ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ, ವಿಜಯನಗರ ಕಟ್ಟಿದ್ದು 1336ರಲ್ಲಿ. ಅಂದರೆ ಹೂ ಹೇರಿಕೊಂಡ ನಮ್ಮ ಹಡಗು, ಕೊಳ್ಳುವ ರಾಜಧಾನಿ ಹುಟ್ಟಲೆಂದು ಇನ್ನೂರು ವರ್ಷ ದಂಡೆಯಲ್ಲಿ ಕಾದು ನಿಂತಿತ್ತು ಎಂದಾಯಿತು. ವ್ಯಾಪಾರದಲ್ಲಿ ಇಂಥ ತಾಳ್ಮೆ ಬೇರೆ ಊರಿನವರಿಗೆ ಇರಲಿಕ್ಕಿಲ್ಲ. ಅದೇನೇ ಇರಲಿ, ಹಡಗು ಹತ್ತಿದ ಹೂವಿಗೆ ಹೆಸರು ಬಂತು. ಹತ್ತದೆ ದಂಡೆಯಲ್ಲೇ ಉಳಿದವುಗಳ ಪಟ್ಟಿಯನ್ನು ಯಾರೂ ಮಾಡಲಿಲ್ಲ. ಈ ಗ್ರಂಥಕ್ಕೆ ಕಾರಣ ಇಷ್ಟೇ.

ಪಟ್ಟಿ ಮಾಡುವುದಕ್ಕೊಂದು ಕ್ರಮ ಬೇಕು. ಸ್ವೀಡನ್ನಿನ ಲಿನೇಯಸ್ ಪಂಡಿತರು ಹೂವಿನೊಳಗಿನ ಕೇಸರಗಳನ್ನು ಎಣಿಸಿ ಜಗತ್ತಿನ ಗಿಡಗಳನ್ನೆಲ್ಲ ವರ್ಗ ಮಾಡಿ 1753ರಲ್ಲಿ ಪುಸ್ತಕ ಹಾಕಿದರು. ನಮ್ಮ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೇಸರ ಎಣಿಸುವುದು ಅವರಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ನಾನು ಬಣ್ಣದ ದಾರಿ ಹಿಡಿದೆ. ಮಾಘದ ಒಂದು ಬೆಳಗ್ಗೆ ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹೊಡೆದು ಕೆಂಪು, ಬಿಳಿ, ಹಳದಿ, ನೀಲಿ ಎಂದು ನಾಲ್ಕು ಮನೆ ಮಾಡಿಕೊಂಡು ಮಸಾರಿ ಹೊಲಗಳ ಕಡೆ ಹೊರಟೆ. ಒಂದು ತಾಸಿನೊಳಗೆ ಹಳದಿ ಮನೆ ತುಂಬಿ, ಖಾಲಿಯಿದ್ದ ನೀಲಿ ಮನೆಗೆ ನುಗ್ಗಿತು. ಆವರಿಕೆ ಹಳದಿ. ದತ್ತೂರಿ ಹಳದಿ. ಕಸ್ತೂರಿಜಾಲಿ ಹಳದಿ. ನೆಗ್ಗಿಲಮುಳ್ಳು, ಹೂ ಬಿಟ್ಟಿದ್ದರೆ, ಅದೂ ಹಳದಿ. ಪಂಡಿತ ಸೋಲಬಾರದೆಂದು ಹಳದಿಯನ್ನೇ ಒಡೆದೆ: ಭಂಡಾರದ ಹಳದಿ, ತೊಗರಿಬೇಳೆ ಹಳದಿ, ಲಿಂಬೆಹಣ್ಣಿನ ಹಳದಿ, ನೀಲಿ ಹಾಕದೆ ಒಗೆದ ಧೋತರದ ಹಳದಿ. ನಾಲ್ಕನೆಯದಕ್ಕೆ ಬಂದಾಗ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಕುರಿ-ಆಡಿನ ಹಿಂಡು ಹೊಡೆದುಕೊಂಡು ಒಬ್ಬ ಯಜಮಾನರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು.

“ಏನ್ ಬರಿಯಾಕತ್ತೀಯೋ ತಮ್ಮಾ? ಸರ್ವೇ ಮಾಡಾಕ ಬಂದೀಯೇನು?”

“ಇಲ್ರೀ ಯಜಮಾನ್ರ, ಹೂವಿನ ಲೆಕ್ಕ.”

“ಎಲ್ಲೈತಿ ಹೂವು?”

ಎದುರಿಗಿದ್ದ ಎಕ್ಕೆ ಗಿಡ ತೋರಿಸಿದೆ. ಅವರು ಗಿಡವನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಅದು ಹೂವೇನಪ? ಅದನ್ನ ಆಡೂ ಮುಟ್ಟಂಗಿಲ್ಲ.”

ಆ ಒಂದು ಮಾತಿಗೆ ನನ್ನ ನಾಲ್ಕು ಮನೆಗಳೂ ಬಿದ್ದವು, ಶಾಸ್ತ್ರ ಎದ್ದು ನಿಂತಿತು. ಈ ಸೀಮೆಯಲ್ಲಿ ಯಾವ ಹೂ ಕಣ್ಣಿಗೆ ಬೀಳಬೇಕು, ಯಾವುದು ಬೀಳಬಾರದು ಎಂದು ತೀರ್ಮಾನಿಸುವವರು ಋತುರಾಜನೂ ಅಲ್ಲ, ಅರಣ್ಯ ಇಲಾಖೆಯೂ ಅಲ್ಲ. ಆಡು. ಹಳೆಯ ಗಾದೆ ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತದೆ. ಆದರೆ ಗಾದೆಯ ಬಾಲಕ್ಕೇ ಅಪವಾದವೊಂದು ಅಂಟಿಕೊಂಡಿದೆ, ಆಡುಸೋಗೆ. ತಮಿಳರೂ ಇದೇ ಗಿಡಕ್ಕೆ ಆಡು ಮುಟ್ಟದ್ದು ಎಂಬರ್ಥ ಬರುವ ಹೆಸರಿಟ್ಟರು. ಆ ಹೆಸರು ಹಡಗು ಹತ್ತಿ ಯುರೋಪಿಗೆ ಹೋಯಿತು. ಲಿನೇಯಸ್ ಅದನ್ನೇ ಎತ್ತಿಕೊಂಡು ‘ಜಸ್ಟೀಸಿಯಾ ಅಢಟೋಡಾ’ ಎಂದು ಬರೆದುಬಿಟ್ಟರು. ಕೇಸರ ಎಣಿಸಿದ ಮಹಾಪಂಡಿತರು ಕೂಡ ತಮಗೆ ತಿಳಿಯದಂತೆ ಆಡಿನ ಸಾಕ್ಷ್ಯವನ್ನು ಒಪ್ಪಿಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ಪ್ರಮಾಣ ಯಾವ ಶಾಸ್ತ್ರಕ್ಕೆ ಬೇಕು?

ಕನ್ನಡದಲ್ಲಿ ಶಾಸ್ತ್ರ ಬರೆಯುವ ರೀತಿಯನ್ನು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತೋರಿಸಿಟ್ಟಿದ್ದಾನೆ: ಮೊದಲು ಕಂದಪದ್ಯದಲ್ಲಿ ಸೂತ್ರ, ಕೆಳಗೆ ವೃತ್ತಿ. ನನಗೆ ಕಂದ ಕಟ್ಟಲು ಬಾರದು. ಸೂತ್ರವೂ ಗದ್ಯವೇ.

ಸೂತ್ರ 1: ಆಡಿಂಗೆಟುಕದುದು ಪ್ರಥಮವರ್ಗಂ.

ವೃತ್ತಿ: ಆಡು ಹಿಂಗಾಲ ಮೇಲೆ ನಿಂತು, ಮುಂಗಾಲನ್ನು ಕೊಂಬೆಗೆ ಆನಿಸಿ, ಕತ್ತು ಚಾಚಿದರೆ ಅದರ ಮೂತಿ ನನ್ನ ಹಣೆಯ ಮಟ್ಟಕ್ಕೆ ಬರುತ್ತದೆ. ಅದರ ಕೆಳಗಿನದೆಲ್ಲ ಅದರದು, ಮೇಲಿನದು ವಸಂತದ್ದು. ಹೊಲದ ಬದುವಿನ ಮರಗಳನ್ನು ದೂರದಿಂದ ನೋಡಿ. ಕೆಳಗಂಚು ಕ್ಷೌರದವರು ಅಳೆದು ಕತ್ತರಿಸಿದ ಹಾಗೆ ಒಂದೇ ಸಮ ಇರುತ್ತದೆ.

ಈ ವರ್ಗದ ಅಗ್ರಪೂಜೆ ಮುತ್ತುಗಕ್ಕೆ, ನಮ್ಮ ಕಡೆಯ ಬಾಯಲ್ಲಿ ಮುತ್ತಲಕ್ಕೆ. ಊಟದೆಲೆ ಹಚ್ಚುವ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಮರ. ಮೂರು-ಮೂರು ಎಲೆಯ ಗೊಂಚಲು ಕಂಡರೆ ಸಾಕು, ಗುರುತು ಸಿಗುತ್ತದೆ. ಕಷ್ಟವೆಂದರೆ ಹೂ ಬಿಡುವ ಹೊತ್ತಿಗೆ ಆ ಮೂರೂ ಇರುವುದಿಲ್ಲ. ಬೋಳು, ಸೊಟ್ಟ, ಬೂದು ಬಣ್ಣದ ಕೊಂಬೆ. ಅದರ ಮೇಲೆ ಕೆಂಡ. ಒಂದು ಹೂ ಕೈಗೆ ತೆಗೆದುಕೊಳ್ಳಿ. ತೊಟ್ಟಿನ ಬಟ್ಟಲು ಕಪ್ಪಗೆ, ಮುಟ್ಟಿದರೆ ಮಖಮಲ್ಲು. ಅದರಿಂದ ಎದ್ದ ಐದು ಎಸಳುಗಳಲ್ಲಿ ಒಂದು ಹಿಂದಕ್ಕೆ ಮಡಿಚಿದೆ, ಎರಡು ಪಕ್ಕೆಗೆ ರೆಕ್ಕೆಯಂತಿವೆ, ಇನ್ನೆರಡು ಕೂಡಿಕೊಂಡು ಗಿಣಿಯ ಕೊಕ್ಕಿನಂತೆ ಬಾಗಿವೆ. ಸಂಸ್ಕೃತದವರು ಇದನ್ನು ನೋಡಿ ‘ಕಿಂ ಶುಕಃ’, ಇದೇನು ಗಿಣಿಯೇ, ಎಂದು ಕೇಳಿದರು. ಉತ್ತರ ಬರಲಿಲ್ಲ, ಪ್ರಶ್ನೆಯೇ ಹೆಸರಾಗಿ ಕಿಂಶುಕವಾಯಿತು. ಯುರೋಪಿನವರು ಪ್ರಶ್ನೆ ಕೇಳುವ ಗೋಜಿಗೆ ಹೋಗದೆ 1762ರಿಂದ 63ರವರೆಗೆ, ಒಂದು ವರ್ಷವೂ ತುಂಬದಂತೆ, ಬ್ರಿಟನ್ನಿನ ಪ್ರಧಾನಿಯಾಗಿದ್ದ ಬ್ಯೂಟ್ ಪ್ರಭುವಿನ ಹೆಸರನ್ನು ಇದಕ್ಕೆ ಅಂಟಿಸಿದರು. ಅದೇ ‘ಬ್ಯೂಟಿಯಾ ಮೋನೋಸ್ಪರ್ಮಾ’. ಎರಡನೆಯ ಪದಕ್ಕೆ ಒಂಟಿಬೀಜದ್ದು ಎಂದರ್ಥ. ಅದು ಮಾತ್ರ ನಿಜ, ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ.

ವಾಸನೆಯಿಲ್ಲದ ಹೂ ಎಂದು ಮುತ್ತುಗವನ್ನು ಹಳೆಯ ಪಂಡಿತರು ಓದು ಬಾರದ ಚೆಲುವನಿಗೆ ಹೋಲಿಸಿ ಹೀಯಾಳಿಸಿದ್ದಾರೆ. ನಾನು ಮುತ್ತುಗದ ಪರ. ವಾಸನೆ ಬೇಕಾದದ್ದು ರಾತ್ರಿ ತಿರುಗುವ ಪತಂಗಗಳನ್ನು ಕರೆಯುವ ಮಲ್ಲಿಗೆಯಂಥವಕ್ಕೆ. ಮುತ್ತುಗದ ಗಿರಾಕಿಗಳು ಹಗಲಿನವರು: ಸೂರಕ್ಕಿ, ಗೊರವಂಕ, ನಡುನಡುವೆ ಅಳಿಲು. ಹಕ್ಕಿಗೆ ಮೂಗಿಗಿಂತ ಕಣ್ಣು ಚುರುಕು, ಅದಕ್ಕೆ ಬಣ್ಣ ಸಾಕು. ಎಲೆ ಉದುರಿಸಿಕೊಂಡು ಅರಳುವುದಕ್ಕೂ ಲೆಕ್ಕವಿದೆ. ಮಳೆಗಾಲ ದೂರ, ಎಲೆ ಇಟ್ಟುಕೊಂಡರೆ ನೀರು ಆವಿಯಾಗಿ ಹೋಗುತ್ತದೆ. ಎಲೆಯ ಮರೆ ಇಲ್ಲದಿದ್ದರೆ ಹೂ ಅರ್ಧ ಮೈಲಿಗೆ ಕಾಣುತ್ತದೆ. ಈಗ ಕಾಯಿ ಕಟ್ಟಿದರೆ ಮುಂಗಾರಿಗೆ ಮೊದಲಿನ ಗಾಳಿಗೆ ಹಾರಿ, ಮಳೆ ಬೀಳುವ ಹೊತ್ತಿಗೆ ಬೀಜ ನೆಲದಲ್ಲಿರುತ್ತದೆ. ಇಷ್ಟು ಲೆಕ್ಕಾಚಾರ ಇರುವವನನ್ನು ಓದು ಬಾರದವನು ಎನ್ನುವುದು ಅನ್ಯಾಯ.

ಅದೇ ವರ್ಗದಲ್ಲಿ ಎರಡನೆಯ ಪೀಠ ಅರಿಶಿನ ಬೂರುಗದ್ದು. ಕಲ್ಲುಗುಡ್ಡದ ಸಂದಿಯಲ್ಲಿ, ಬೇರೆ ಯಾವ ಮರವೂ ಬಾಡಿಗೆಗೆ ಬಾರದ ಜಾಗದಲ್ಲಿ ನಿಂತು, ಎಲೆಯೇ ಇಲ್ಲದ ಕೊಂಬೆಯ ತುದಿಗೆ ಅಂಗೈಯಗಲದ ಹೂ ಬಿಡುತ್ತದೆ. ಮೈಲಾರದ ಜಾತ್ರೆಗೆ ಹೋಗಿ ಬಂದು ಭಂಡಾರ ಬಳಿದುಕೊಂಡ ಹಾಗೆ ಹಳದಿ. ಇದಕ್ಕೆ ಬೂರುಗದ ಹೆಸರಿದ್ದರೂ ಕೆಂಪು ಬೂರುಗಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಎರಡರ ಕಾಯೊಳಗೂ ಅರಳೆ ಇರುವುದರಿಂದ ಜನ ಒಂದೇ ಮನೆತನ ಎಂದುಕೊಂಡರು. ಬೇವು, ಹೊಂಗೆಯೂ ಪ್ರಥಮವರ್ಗವೇ. ಅವುಗಳ ಮಾತು ಕಾಲಪ್ರಕರಣದಲ್ಲಿ ಬರುತ್ತದೆ. ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮದ ಹೂಗಳನ್ನು ಈ ಗ್ರಂಥದಿಂದ ಕೈಬಿಡಲಾಗಿದೆ. ಅಲ್ಲಿ ಪ್ರಮಾಣ ಆಡಲ್ಲ, ಕರಡಿ. ಕರಡಿಯ ಎದುರು ನಿಂತು ವರ್ಗೀಕರಣ ಮಾಡುವ ಶ್ರದ್ಧೆ ನನಗಿಲ್ಲ.

ಸೂತ್ರ 2: ಎಟುಕಿಯುಂ ಮುಟ್ಟದುದು ದ್ವಿತೀಯಂ.

ವೃತ್ತಿ: ಬಾಯಿಗೆ ಎಟುಕುತ್ತದೆ, ಆದರೂ ಆಡು ಮೂಸಿ ಮುಂದೆ ಹೋಗುತ್ತದೆ. ವಿಷ, ಮುಳ್ಳು, ಕಹಿ, ಹಾಲು, ಇವುಗಳಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಎಕ್ಕೆ ಇಲ್ಲಿನ ಹಿರಿಯ. ದಳ ಅಗಲಕ್ಕೆ ಹರಡಿದ್ದರೆ ದೊಡ್ಡೆಕ್ಕೆ, ದಳ ಮೇಲಕ್ಕೆ ನಿಮಿರಿ ತುದಿಗೆ ನೇರಳೆ ಹಚ್ಚಿಕೊಂಡಿದ್ದರೆ ಇನ್ನೊಂದು ಜಾತಿ. ಎರಡರ ನಡುವೆಯೂ ಐದು ಮೂಲೆಯ ಕಿರೀಟ. ಮೊಗ್ಗು ಗಾಳಿ ತುಂಬಿ ಬಿಗಿದ ಪುಟ್ಟ ಬುಡ್ಡಿ. ಚಿಕ್ಕಂದಿನಲ್ಲಿ ಅದನ್ನು ಹೆಬ್ಬೆರಳಿಂದ ಒತ್ತಿ ‘ಟಪ್’ ಎನಿಸದೆ ಶಾಲೆಗೆ ಹೋದವರು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ದತ್ತೂರಿ ಇದರ ನೆರೆಯವಳು. ಮೈಯೆಲ್ಲ ಮುಳ್ಳು, ಎಲೆಯ ನರಗಳ ಮೇಲೆ ಬಿಳಿ ಬಣ್ಣ ಎಳೆದಂತಿರುತ್ತದೆ, ಹೂ ಮಾತ್ರ ಕಾಗದದಷ್ಟು ತೆಳ್ಳಗಿನ ಹಳದಿ. ಕಿತ್ತರೆ ಅರಿಶಿನ ಹಾಲು ಸುರಿಯುತ್ತದೆ. ಇದನ್ನು ಬಿಳಿ ತುತ್ತೂರಿಯ ಹೂ ಬಿಡುವ ದತ್ತೂರ, ಅಂದರೆ ಮದಗುಣಕಿಯ ಜೊತೆ ಗೊಂದಲ ಮಾಡಿಕೊಳ್ಳಬಾರದು. ಒಂದು ಇಕಾರದಲ್ಲಿ ಗಿಡವೇ ಬದಲಾಗುತ್ತದೆ. ವಿಷ ಮಾತ್ರ ಎರಡರಲ್ಲೂ ಇದೆ.

ದ್ವಿತೀಯವರ್ಗದ ಬಹುಪಾಲು ಹೊರಗಿನಿಂದ ಬಂದವರು. ದತ್ತೂರಿಯ ಮೂಲ ಮೆಕ್ಸಿಕೋ ಕಡೆ. ಕೆರೆಯಂಗಳದಲ್ಲಿ ನಸುಗುಲಾಬಿ ತುತ್ತೂರಿ ಊದುತ್ತ ನಿಂತ ಪೊದೆಯೂ ಅಮೆರಿಕ ಖಂಡದ್ದೇ. ಬೇಡವೆಂದರೂ ಬೆಳೆಯುತ್ತದೆಂದು ಹಿಂದಿಯವರು ಅದಕ್ಕೆ ‘ಬೇಶರಮ್’ ಎಂದು ಹೆಸರಿಟ್ಟಿದ್ದಾರೆ. ಹೆಸರಿಡುವುದರಲ್ಲಿ ಹಿಂದಿಯವರನ್ನು ಒಂದು ಸಲವಾದರೂ ಮೆಚ್ಚಬೇಕು. ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದಿತು, ಈಗ ನಮ್ಮಲ್ಲಿ ಕಾಂಗ್ರೆಸ್ ಕಸ. ಬಿಳಿ ಟೋಪಿಯಂಥ ಹೂವಿನಿಂದ ಆ ಹೆಸರು ಬಂತೆಂದು ಒಂದು ಮತ, ಆ ಪಕ್ಷದ ಆಡಳಿತದಲ್ಲಿ ಅಮೆರಿಕದ ಗೋಧಿಯ ಜೊತೆ ಬಂದದ್ದಕ್ಕೆ ಎಂದು ಇನ್ನೊಂದು ಮತ. ಆಡಿನ ಮತ ಒಂದೇ, ಮುಟ್ಟುವುದಿಲ್ಲ.

ಇನ್ನು ಬಳ್ಳಾರಿಜಾಲಿ. ಇದು ಶಾಸ್ತ್ರಕ್ಕೆ ಬಂದ ಕಗ್ಗಂಟು. ಹುಟ್ಟಿದ್ದು ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಕಡೆ, ಭಾರತಕ್ಕೆ ತಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹೆಸರಿನಲ್ಲಿ ಮಾತ್ರ ಕಾಯಂ ವಿಳಾಸ ಬಳ್ಳಾರಿ. 2021ರಲ್ಲಿ ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾದ ಮೇಲೆ ನಮ್ಮ ಬದುವಿನ ಜಾಲಿಗೆ ಯಾವ ಜಿಲ್ಲೆಯ ಹೆಸರು ಹಿಡಿದು ಕರೆಯಬೇಕು? ಹರಪನಹಳ್ಳಿಯ ಜಾಲಿಯ ಪಾಡು ಇನ್ನೂ ಕಷ್ಟ. ಅದು ನಡುವೆ ದಾವಣಗೆರೆ ಜಿಲ್ಲೆಯಲ್ಲೂ ಇದ್ದು 2018ರಲ್ಲಿ ಬಳ್ಳಾರಿಗೆ ವಾಪಸಾಗಿತ್ತು. ಗಿಡ ಇದ್ದಲ್ಲೇ ಇದೆ, ಬೋರ್ಡು ಮೂರು ಸಲ ಬದಲಾಗಿದೆ. ಇದರ ಹೂ ಬೆರಳುದ್ದದ ಹಳದಿಮಿಶ್ರ ಬಿಳಿ ಕುಚ್ಚು, ಜೇನಿಗೆ ಇಷ್ಟ. ಆಡು ಇದರ ಸೊಪ್ಪಿಗೆ ಮುಖ ಸಿಂಡರಿಸುತ್ತದೆ. ಕಾಯಿ ಸಿಹಿ, ಅದನ್ನು ಆರಿಸಿ ಆರಿಸಿ ತಿನ್ನುತ್ತದೆ. ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ಹಿಕ್ಕೆಯ ಜೊತೆ ಮುಂದಿನ ಹೊಲಕ್ಕೆ ಹೋಗಿ ಮೊಳೆಯುತ್ತದೆ. ಆಡು ಬರೀ ಪರೀಕ್ಷಕನಲ್ಲ, ಬಿತ್ತುವ ರೈತನೂ ಹೌದೆಂದು ಇಲ್ಲಿ ಗೊತ್ತಾಗುತ್ತದೆ.

ಒಂದು ಉಪಸೂತ್ರ: ಆಡು ಬಿಟ್ಟುದು ಶಿವಂಗೆ. ಎಕ್ಕೆ, ಮದಗುಣಕಿ, ಎರಡೂ ವಿಷ, ಎರಡೂ ಶಿವನ ತಲೆಗೆ. ವಿಷ ಕುಡಿದವನಿಗೆ ವಿಷದ ಹೂವೇ ಸರಿ ಎಂದು ಪುರಾಣಿಕರು ಹೇಳಬಹುದು. ಬೆಳಗಾಗೆದ್ದು ಪೂಜೆಗೆ ಹೂ ಹುಡುಕಿದವರಿಗೆ ಹಿಂಡು ಹೋದ ದಾರಿಯಲ್ಲಿ ಉಳಿದದ್ದೇ ಅವು ಎಂಬುದು ಈ ಗ್ರಂಥದ ನಿಲುವು.

ಸೂತ್ರ 3: ಎಟುಕಿ ಮುಟ್ಟಿದುದು ತೃತೀಯಂ. ಅದು ಕಾಣದು.

ಈ ವರ್ಗದ ಮಾದರಿಗಳು ಲಭ್ಯವಿಲ್ಲ, ಇದ್ದಿದ್ದರೆ ಅವು ಈ ವರ್ಗಕ್ಕೆ ಸೇರುತ್ತಿರಲಿಲ್ಲ. ಆದರೂ ಒಂದು ಬೆಳಗ್ಗೆ ಗರಸು ನೆಲದ ದಿಬ್ಬದ ಮೇಲೆ ಕೂತಿದ್ದಾಗ, ಎರಡು ಕಲ್ಲುಗಳ ಸಂದಿಯಲ್ಲಿ, ನೆಲಕ್ಕೆ ಅಂಟಿಕೊಂಡ ಎಳೆ ಬಳ್ಳಿಯೊಂದು ಕಂಡಿತು. ಬೂದು ರೋಮದ ಸಣ್ಣ ಎಲೆ. ಅಂಗಿಯ ಗುಂಡಿಗಿಂತ ಚಿಕ್ಕದಾದ ನೀಲಿ ಹೂ, ನಡುವೆ ಬಿಳಿ. ವಿಷ್ಣುಕ್ರಾಂತಿ. ಸಂದಿ ಮೂರು ಬೆರಳಗಲ ಇತ್ತು, ಆಡಿನ ಮೂತಿ ಹೋಗುವಷ್ಟಿರಲಿಲ್ಲ. ಸುತ್ತಲಿನ ಬಯಲಲ್ಲಿ ಅದೇ ಬಳ್ಳಿಯ ಮೊಂಡುಗಳು ಎಷ್ಟೋ ಇದ್ದವು, ಎಲ್ಲದರ ತುದಿಯೂ ಹಲ್ಲಿನಿಂದ ಕತ್ತರಿಸಿದ್ದು. ನೋಟ್‌ಬುಕ್ಕಿನಲ್ಲಿ ಹಳದಿ ನುಗ್ಗಿ ಕೆಡಿಸಿದ್ದ ನೀಲಿ ಮನೆಗೆ ಒಂದು ಹೆಸರು ಬಿತ್ತು. ಮಧ್ಯಾಹ್ನ ತಿರುಗಿ ಬಂದಾಗ ಹೂ ಮುಚ್ಚಿತ್ತು. ಅದರ ಸ್ವಭಾವವೇ ಹಾಗೆ, ಬೆಳಗ್ಗೆ ಅರಳಿ ಬಿಸಿಲೇರಿದರೆ ಮುದುಡುತ್ತದೆ. ಆಡು ಬಿಟ್ಟದ್ದು ಶಿವನಿಗೆ ಹೋದರೆ, ತಿಂದದ್ದು ವಿಷ್ಣುವಿನ ಹೆಸರಿಗಾದರೂ ಇದೆ.

ಇನ್ನು ಕಾಲಪ್ರಕರಣ. ಪಂಚಾಂಗದಲ್ಲಿ ವಸಂತವೆಂದರೆ ಚೈತ್ರ-ವೈಶಾಖ, ಮಾಘ-ಫಾಲ್ಗುಣ ಶಿಶಿರ. ಹೂವಿಗೆ ಪಂಚಾಂಗ ಓದಲು ಬಾರದು. ಮಾಘದಲ್ಲೇ ವಸಂತ ಪಂಚಮಿ ಇಟ್ಟವರು ಎಂದೋ ಒಮ್ಮೆ ಕಿಟಕಿ ತೆರೆದು ಹೊರಗೆ ನೋಡಿರಬೇಕು. ನಮ್ಮ ಸೀಮೆಯಲ್ಲಿ ಹೂವಿನ ಕಾಲವನ್ನು ತಾರೀಖಿನಿಂದಲ್ಲ, ಜಾತ್ರೆಯಿಂದ ಹೇಳುವುದು ವಾಡಿಕೆ. ರಥಸಪ್ತಮಿಗೆ ಏಳು ಎಕ್ಕದೆಲೆ ಮೈಮೇಲಿಟ್ಟು ಸ್ನಾನ, ಎಲೆ ಕೀಳಲು ಹೋದಾಗ ಹೂವಿನ ಗುರುತೂ ಆಗುತ್ತದೆ. ಭಾರತ ಹುಣ್ಣಿಮೆಗೆ ಮೈಲಾರ ಜಾತ್ರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ, ‘ಸದ್ದಲೇ’ ಎಂದು ಲಕ್ಷ ಜನರ ಬಾಯಿ ಮುಚ್ಚಿಸಿ, ಒಂದು ಸಾಲು ಕಾರ್ಣಿಕ ನುಡಿಯುತ್ತಾರೆ. ಮಳೆಗೆ, ಬೆಳೆಗೆ, ಸರ್ಕಾರಕ್ಕೆ ಎಂದು ಅದಕ್ಕೆ ಹತ್ತು ಅರ್ಥ ಹುಟ್ಟುತ್ತವೆ. ಅದೇ ವಾರ ಮುತ್ತುಗ ನುಡಿಯುವ ಕಾರ್ಣಿಕಕ್ಕೆ ಒಂದೇ ಅರ್ಥ: ಚಳಿ ಹೋಯಿತು, ಬಿಸಿಲು ಬಂತು. ಹುಣ್ಣಿಮೆ ಕಳೆದು ಕೊಟ್ಟೂರು ತೇರಿಗೆ ಜನ ನಡೆದು ಹೋಗುವಾಗ ಹೊಂಗೆ ಎಲೆ ಉದುರಿಸುತ್ತಿರುತ್ತದೆ. ನೆರಳು ಬೇಕಾದ ಹೊತ್ತಿಗೇ ಕೊಡೆ ಮಡಚುವ ಮರ ಅದು. ಶಿವರಾತ್ರಿಗೆ ತುಂಬೆ ಬೇಕು, ಆದರೆ ಆ ಹೊತ್ತಿಗೆ ಮಸಾರಿಯಲ್ಲಿ ತುಂಬೆ ಒಣಗಿರುತ್ತದೆ. ಕಾಲುವೆ ಬದಿಗೆ, ತೋಟದ ಅಂಚಿಗೆ ಹೋಗಬೇಕು. ಹೋಳಿ ಹುಣ್ಣಿಮೆಗೆ ಮುತ್ತುಗದ ಹೂ ಕುದಿಸಿದರೆ ಬಣ್ಣ. ಯುಗಾದಿಗೆ ಬೇವಿನ ಹೂ. ಹೊಂಗೆ ಎಳೆ ಹಸಿರು ಹೊದ್ದು, ಬುಡಕ್ಕೆಲ್ಲ ನಸುನೇರಳೆ ಅರಳು ಉದುರಿಸುವುದೂ ಆಗಲೇ.

ಈ ಪ್ರಕರಣಕ್ಕೆ ದೊಡ್ಡ ಅಪವಾದ ನಮ್ಮ ಮನೆಯಲ್ಲೇ ಎದ್ದಿತು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2026ರಲ್ಲಿ ಮಾರ್ಚ್ 19ಕ್ಕೆ. ಇಪ್ಪತ್ತೊಂದು ದಿನದ ಫರಕು. ಚಂದ್ರನ ವರ್ಷ ಸೂರ್ಯನದಕ್ಕಿಂತ ಹನ್ನೊಂದು ದಿನ ಗಿಡ್ಡ, ಅಧಿಕಮಾಸ ಬಂದು ಸರಿಮಾಡುವ ತನಕ ಹಬ್ಬ ಹಿಂದಕ್ಕೆ ಜಾರುತ್ತಲೇ ಇರುತ್ತದೆ. ಬೇವು ನೋಡುವುದು ಬಿಸಿಲನ್ನು, ಚಂದ್ರನನ್ನಲ್ಲ. ಹಬ್ಬ ಮುಂಚೆ ಬಂದ ವರ್ಷ ನಸುಕಿನಲ್ಲಿ ಕೊಂಬೆ ತರಲು ಹೋದವನು ಎಳೆ ಚಿಗುರಿನ ಜೊತೆ ಸಾಸಿವೆ ಗಾತ್ರದ ಮೊಗ್ಗು ತಂದೆ. ಅವ್ವ ಅದನ್ನು ಅಂಗೈಯಲ್ಲಿ ಹರಡಿ ನೋಡಿ, “ಇದು ಹೂವಲ್ಲ, ಹೂವಿನ ಸುದ್ದಿ” ಎಂದು ಬೆಲ್ಲ ಹೆಚ್ಚು ಹಾಕಿದಳು.

ಪೂರ್ವಪಕ್ಷವೊಂದು ಉಳಿಯಿತು. ಗ್ರಂಥ ಮುಗಿಸಿ ಯಜಮಾನರಿಗೆ ಓದಿ ಹೇಳಿದೆ. ಕೋಲಿನ ಮೇಲೆ ಗದ್ದ ಊರಿ ಪೂರ್ತಿ ಕೇಳಿದರು. “ಎಲ್ಲಾ ಬರೋಬ್ಬರಿ ಐತಿ. ಆದ್ರ ಬರಗಾಲದಾಗ ಆಡು ಎಕ್ಕಿನೂ ತಿಂತಾವ ನೋಡು” ಎಂದರು. ಅಂದರೆ ದ್ವಿತೀಯವರ್ಗ ಮಳೆ ಸರಿಯಿದ್ದ ವರ್ಷಕ್ಕೆ ಮಾತ್ರ ಅನ್ವಯ. ಈ ತಿದ್ದುಪಡಿಯನ್ನು ಒಪ್ಪಿಕೊಂಡು ಸೂತ್ರದ ಪಕ್ಕ ಬರೆದುಕೊಂಡಿದ್ದೇನೆ.

ಓದುಗರಲ್ಲಿ ಒಂದು ವಿನಂತಿ. ನಮ್ಮ ಐದು ತಾಲ್ಲೂಕಿನ ಯಾವ ಮರಡಿಯಲ್ಲಾದರೂ, ಕಲ್ಲಿನ ಆಸರೆ ಇಲ್ಲದೆ ಬಯಲಲ್ಲೇ ಅರಳಿ ನಿಂತ ತೃತೀಯವರ್ಗದ ಹೂ ಕಂಡರೆ ಕೀಳಬೇಡಿ, ಫೋಟೋ ಹಿಡಿಯುತ್ತ ಹೊತ್ತು ಕಳೆಯಲೂ ಬೇಡಿ. ಬೆಳಗ್ಗೆ ಎಂಟರೊಳಗೆ ಹೇಳಿ ಕಳಿಸಿ. ಎಂಟಕ್ಕೆ ದೊಡ್ಡಿ ಬಾಗಿಲು ತೆಗೆಯುತ್ತಾರೆ.